ಜಾರ್ಜಸ್ ಬ್ಯಾಂಕಿನ ತಳಕ್ಕೆ ಇಳಿದ ಕ್ಯಾಮೆರಾ: ಒಂದು ಪ್ರಕರಣ ಅಧ್ಯಯನ

1994ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ತನ್ನ ಪೂರ್ವ ಕರಾವಳಿಯ ಕಡಲಿನಲ್ಲಿ ಮೂರು ದೊಡ್ಡ ಜಾಗಗಳಿಗೆ ಬೀಗ ಹಾಕಿತು. ಎರಡು ಜಾಗ ಜಾರ್ಜಸ್ ಬ್ಯಾಂಕ್ ಎಂಬ ಸಮುದ್ರದೊಳಗಿನ ದಿಬ್ಬದ ಮೇಲೆ, ಮೂರನೆಯದು ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ. ಮೂರೂ ಸೇರಿದರೆ ಸುಮಾರು 17,000 ಚದರ ಕಿಲೋಮೀಟರ್. ನಾಲ್ಕು ಕೊಡಗು ಜಿಲ್ಲೆಗಳನ್ನು ಜೋಡಿಸಿದಷ್ಟು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಆ ನಿಷೇಧ ಎರಡು ತಿಂಗಳ ಮಾತು. ಜಾರ್ಜಸ್ ಬ್ಯಾಂಕಿನದು ಹಾಗಲ್ಲ, ಜಾಗವನ್ನೇ ವರ್ಷಪೂರ್ತಿ ಮುಚ್ಚಿದ್ದು. ಕಾರಣ ಕಾಡ್, ಹ್ಯಾಡಕ್, ಯೆಲ್ಲೋಟೇಲ್ ಫ್ಲೌಂಡರ್ ಎಂಬ ತಳದ ಮೀನುಗಳು. ದಶಕಗಳ ಕಾಲ ಎಳೆದು ಎಳೆದು ಅವು ಬರಿದಾಗುವ ಹಂತಕ್ಕೆ ಬಂದಿದ್ದವು. ಅವಕ್ಕೆ ಉಸಿರಾಡಲು ಜಾಗ ಬೇಕು ಅಂತ ತಳಕ್ಕೆ ತಾಗುವ ಬಲೆಗಳನ್ನೆಲ್ಲ ಹೊರಗಿಟ್ಟರು. ಆ ಪಟ್ಟಿಯಲ್ಲಿ ಸ್ಕಾಲಪ್ ಎಂಬ ಚಿಪ್ಪು ಪ್ರಾಣಿಯನ್ನು ತಳ ಕೆರೆದು ಹಿಡಿಯುವ ಡ್ರೆಡ್ಜ್ ಕೂಡ ಸೇರಿಹೋಯಿತು.

ಈ ಪ್ರಕರಣ ಶುರುವಾಗುವುದು ಅಲ್ಲಿಂದ. ಮೀನಿಗಾಗಿ ಹಾಕಿದ ಬೀಗದೊಳಗೆ ಸ್ಕಾಲಪ್ ಬೆಳೆಯಿತು. ಎಷ್ಟು ಬೆಳೆದಿದೆ ಅಂತ ಹೇಳಬೇಕಾದವರು, ಕೇಳಬೇಕಾದವರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಆಗ ಒಂದು ಕಬ್ಬಿಣದ ಚೌಕಟ್ಟಿಗೆ ಕ್ಯಾಮೆರಾ ಕಟ್ಟಿ ತಳಕ್ಕೆ ಇಳಿಸಿದರು.

ಸ್ಕಾಲಪ್ ಮತ್ತು ಡ್ರೆಡ್ಜ್

ಸ್ಕಾಲಪ್ ಅಂದರೆ ಎರಡು ಚಿಪ್ಪಿನ ಪ್ರಾಣಿ. ನಮ್ಮ ಮರುವಾಯಿಯ ದೂರದ ನೆಂಟ ಅನ್ನಬಹುದು, ಆದರೆ ಅದಕ್ಕಿಂತ ತುಂಬ ದೊಡ್ಡದು, ಬೀಸಣಿಗೆಯ ಆಕಾರ. ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ. ಮರಳು ಅಥವಾ ಜಲ್ಲಿಯ ಮೇಲೆ ಸಣ್ಣ ತಗ್ಗು ಮಾಡಿಕೊಂಡು ಮಲಗಿರುತ್ತದೆ. ಹೆದರಿದರೆ ಚಿಪ್ಪುಗಳನ್ನು ಪಟಪಟ ಬಡಿದು ಈಜಿ ಪಾರಾಗುತ್ತದೆ. ಹೀಗೆ ತಳದ ಮೇಲೇ ಇರುವುದರಿಂದ ಮೇಲಿನಿಂದ ನೋಡಿದರೆ ಕಾಣುತ್ತದೆ. ಈ ಒಂದು ಗುಣ ಇಲ್ಲದಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ. ತಿನ್ನುವುದು ಚಿಪ್ಪನ್ನು ಮುಚ್ಚುವ ಬಿಳಿ ಸ್ನಾಯುವನ್ನು ಮಾತ್ರ. ಬೋಟಿನಲ್ಲೇ ಚಿಪ್ಪು ಬಿಡಿಸಿ ಸ್ನಾಯು ತೆಗೆದಿಟ್ಟುಕೊಂಡು ಉಳಿದದ್ದನ್ನು ಕಡಲಿಗೆ ಎಸೆಯುತ್ತಾರೆ.

ಹಿಡಿಯುವ ಸಾಧನ ಡ್ರೆಡ್ಜ್. ಸುಮಾರು 4.5 ಮೀಟರ್ ಅಗಲದ ಉಕ್ಕಿನ ಚೌಕಟ್ಟು, ಹಿಂದೆ ಕಬ್ಬಿಣದ ಬಳೆಗಳನ್ನು ಹೆಣೆದ ಚೀಲ. ದೊಡ್ಡ ಬೋಟು ಒಂದೇ ಸಲಕ್ಕೆ ಇಂಥ ಎರಡನ್ನು ಎಳೆಯುತ್ತದೆ. ತಳವನ್ನು ಕೆರೆದುಕೊಂಡೇ ಹೋಗುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಸರ್ಕಾರದ ವಿಜ್ಞಾನಿಗಳು ವರ್ಷ ವರ್ಷ ಸಮೀಕ್ಷೆ ಮಾಡುತ್ತಿದ್ದುದೂ ಡ್ರೆಡ್ಜ್‌ನಲ್ಲೇ, ಸುಮಾರು 2.4 ಮೀಟರ್ ಅಗಲದ ಚಿಕ್ಕ ಡ್ರೆಡ್ಜ್. ಎಳೆದು ಮೇಲೆ ತಂದು ಎಣಿಸುವುದು. ವಿಧಾನ ಸರಳ, ಹಳೆಯ ಅಂಕಿಗಳ ಜೊತೆ ಹೋಲಿಸಲೂ ಅನುಕೂಲ. ಆದರೆ ಒಂದು ಪ್ರಶ್ನೆ ಯಾವತ್ತೂ ಬಗೆಹರಿಯುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿದ ಸ್ಕಾಲಪ್‌ಗಳಲ್ಲಿ ಚೀಲದೊಳಗೆ ಬಂದದ್ದು ಎಷ್ಟು ಪಾಲು? ಕಲ್ಲಿಗೆ ತಾಗಿ ಡ್ರೆಡ್ಜ್ ಹಾರಿದಾಗ ಎಷ್ಟು ಉಳಿದುಹೋದವು? ಈ ಪಾಲನ್ನು ಹೆಚ್ಚು ಅಂತ ಇಟ್ಟುಕೊಂಡರೆ ಕಡಲಿನಲ್ಲಿ ಸ್ಕಾಲಪ್ ಕಮ್ಮಿ ಅಂತ ಲೆಕ್ಕ ಬರುತ್ತದೆ. ಕಮ್ಮಿ ಅಂತ ಇಟ್ಟುಕೊಂಡರೆ ಬೇಕಾದಷ್ಟಿದೆ ಅಂತ ಬರುತ್ತದೆ. ಸರ್ಕಾರದವರಿಗೆ ಒಂದು ಅಂಕಿ ಸರಿ ಅನ್ನಿಸಿದರೆ, ನ್ಯೂ ಬೆಡ್‌ಫರ್ಡ್ ಬಂದರಿನ ಸ್ಕಾಲಪ್ ಮೀನುಗಾರರಿಗೆ ಇನ್ನೊಂದು. ಕಡಲಿನ ತಳವನ್ನು ನೋಡಿದವರು ಯಾರೂ ಇಲ್ಲ.

ಮೀನುಗಾರರ ಸ್ಥಿತಿ ಆಗ ಚೆನ್ನಾಗಿರಲಿಲ್ಲ. ಜಾಗ ಮುಚ್ಚಿದೆ. ವರ್ಷಕ್ಕೆ ಇಷ್ಟೇ ದಿನ ಕಡಲಿಗೆ ಹೋಗಬೇಕು ಅಂತ ಮಿತಿ. ಬೋಟಿನಲ್ಲಿ 7 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ತೆರೆದ ಜಾಗದಲ್ಲಿ ಸಿಗುವುದು ಚಿಕ್ಕ ಚಿಕ್ಕವು. 1998ರಲ್ಲಿ ಇಡೀ ದೇಶಕ್ಕೆ ಸಿಕ್ಕ ಸ್ಕಾಲಪ್ ಮಾಂಸ ಸುಮಾರು 1.2 ಕೋಟಿ ಪೌಂಡ್ ಅಷ್ಟೇ. ಅದೇ ವರ್ಷದ ಸಮೀಕ್ಷೆಯಲ್ಲಿ ಬೇರೆಯದೇ ಸುದ್ದಿ ಬಂತು. ಮುಚ್ಚಿದ ಜಾಗಗಳಲ್ಲಿ ಸ್ಕಾಲಪ್ ರಾಶಿ ನಾಲ್ಕು ವರ್ಷದಲ್ಲಿ 14 ಪಟ್ಟು ಏರಿತ್ತು. ಮೀನುಗಾರರ ಬೋಟುಗಳಲ್ಲೇ ಪ್ರಯೋಗಕ್ಕೆಂದು ಡ್ರೆಡ್ಜ್ ಎಳೆದು ನೋಡಿದಾಗಲೂ ಅದೇ ಮಾತು. 1999ರ ಜೂನ್‌ನಲ್ಲಿ ಒಂದು ಜಾಗದ ದಕ್ಷಿಣ ಭಾಗವನ್ನು ಸ್ವಲ್ಪ ಕಾಲ ತೆರೆದರು. ಹಾಗಾಗಿ ಬೀಗ ತೆಗೆಸಿದ್ದೇ ಕ್ಯಾಮೆರಾ ಅಂತ ಹೇಳಿದರೆ ತಪ್ಪಾಗುತ್ತದೆ. ಮೊದಲ ಸಲ ತೆಗೆದದ್ದು ಡ್ರೆಡ್ಜ್‌ನ ಲೆಕ್ಕದ ಮೇಲೆ. ಕ್ಯಾಮೆರಾದ ಕೆಲಸ ಶುರುವಾದದ್ದು ಆಮೇಲೆ: ಎಷ್ಟು ತೆರೆಯಬಹುದು, ಎಲ್ಲಿ, ಎಷ್ಟು ಸಲ?

ಪಿರಮಿಡ್

ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಶಾಖೆಯಲ್ಲಿ ಕೆವಿನ್ ಸ್ಟೋಕ್ಸ್‌ಬರಿ, ಬ್ರಯನ್ ರಾತ್ಸ್‌ಚೈಲ್ಡ್ ಎಂಬ ವಿಜ್ಞಾನಿಗಳಿದ್ದರು. 1999ರಲ್ಲಿ ಅವರು ಸ್ಕಾಲಪ್ ಮೀನುಗಾರರ ಜೊತೆ ಸೇರಿ ವಿಡಿಯೋ ಸಮೀಕ್ಷೆ ಶುರು ಮಾಡಿದರು. ಯೋಚನೆ ತೀರಾ ಹೊಸದಲ್ಲ. ಕಡಿಮೆ ಆಳದಲ್ಲಿ ಮುಳುಗುವ ಜೀವವಿಜ್ಞಾನಿಗಳು ತಳದ ಮೇಲೆ ಒಂದು ಚೌಕ ಇಟ್ಟು, ಅದರೊಳಗಿನದನ್ನು ಎಣಿಸುತ್ತಾರೆ. ಅದೇ ಚೌಕವನ್ನು ಮನುಷ್ಯ ಹೋಗಿ ಕೆಲಸ ಮಾಡಲಾಗದ ಆಳಕ್ಕೆ ಕ್ಯಾಮೆರಾದ ಮೂಲಕ ಇಳಿಸುವುದು.

ಉಪಕರಣ ನೋಡಲು ಏನೂ ಚಂದ ಇಲ್ಲ. ಉಕ್ಕಿನ ಕೊಳವೆಗಳಿಂದ ಮಾಡಿದ ಪಿರಮಿಡ್ ಆಕಾರದ ಚೌಕಟ್ಟು. ತುದಿಯಲ್ಲಿ ಕೆಳಮುಖವಾಗಿ ಒಂದು ಕ್ಯಾಮೆರಾ, ಜೊತೆಗೆ ದೀಪಗಳು. ತಳದಲ್ಲಿ ಕೂತಾಗ ಕ್ಯಾಮೆರಾ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ, ಸುಮಾರು 2.8 ಚದರ ಮೀಟರ್ ಜಾಗ ಕಾಣುತ್ತದೆ. ಇನ್ನೂ ಕೆಳಗೆ ಮತ್ತೊಂದು ಕ್ಯಾಮೆರಾ, ಚಿಕ್ಕ ಜಾಗವನ್ನು ಹತ್ತಿರದಿಂದ ತೋರಿಸಲು. ಕೇಬಲ್ ಮೂಲಕ ಚಿತ್ರ ನೇರವಾಗಿ ಬೋಟಿನ ಟೀವಿಗೆ ಬರುತ್ತದೆ.

ಬೋಟು ಯಾರದ್ದು? ಮೀನುಗಾರರದ್ದೇ. ಬೋಟು, ಡೀಸೆಲ್, ಊಟ, ಕೆಲಸಕ್ಕೆ ಜನ ಎಲ್ಲ ಅವರದ್ದು. ವಿಶ್ವವಿದ್ಯಾಲಯದಿಂದ ನಾಲ್ಕಾರು ಜನ ಹತ್ತಿಕೊಳ್ಳುತ್ತಾರೆ. ಮುಂದೆ ಇದಕ್ಕೊಂದು ಹಣಕಾಸಿನ ದಾರಿಯೂ ಆಯಿತು. ಒಟ್ಟು ಹಿಡಿಯಬಹುದಾದ ಸ್ಕಾಲಪ್‌ನಲ್ಲಿ ಒಂದು ಪಾಲನ್ನು ಸಂಶೋಧನೆಗೆ ಅಂತ ತೆಗೆದಿಡುತ್ತಾರೆ. ಈ ಪಾಲು ಇತ್ತೀಚಿನ ವರ್ಷಗಳಲ್ಲಿ ಸುಮಾರು 12.5 ಲಕ್ಷ ಪೌಂಡ್. ಅದನ್ನು ಹಿಡಿದು ಮಾರಿದ ದುಡ್ಡಿನಲ್ಲಿ ಸಮೀಕ್ಷೆ ನಡೆಯುತ್ತದೆ. ಹಿಡಿಯುವವರ ದುಡ್ಡಲ್ಲಿ ಹಿಡಿಯುವವರದ್ದೇ ಎಣಿಕೆ ಅಂದರೆ ಅನುಮಾನ ಬರುವುದು ಸಹಜ, ಅಲ್ವಾ? ಅದಕ್ಕೆ ಉತ್ತರ ವಿಡಿಯೋದಲ್ಲೇ ಇದೆ. ಡ್ರೆಡ್ಜ್‌ನಲ್ಲಿ ಬಂದದ್ದನ್ನು ಎಣಿಸಿ ಕಡಲಿಗೆ ಎಸೆದ ಮೇಲೆ ಉಳಿಯುವುದು ಕಾಗದದ ಮೇಲಿನ ಅಂಕಿ ಮಾತ್ರ. ವಿಡಿಯೋ ಉಳಿಯುತ್ತದೆ. ಹತ್ತು ವರ್ಷ ಆದಮೇಲೆ ನಂಬಿಕೆ ಇಲ್ಲದವರು ಕೂತು ಮತ್ತೆ ಎಣಿಸಬಹುದು. ನನ್ನ ಪ್ರಕಾರ ಈ ಇಡೀ ಏರ್ಪಾಟಿನ ಗಟ್ಟಿತನ ಅದು. ಜೊತೆಗೆ ಬೋಟಿನ ಮಾಲೀಕನೂ ವಿದ್ಯಾರ್ಥಿಯೂ ಒಂದೇ ಟೀವಿಯಲ್ಲಿ ಒಂದೇ ಹೊತ್ತಿಗೆ ತಳವನ್ನು ನೋಡುತ್ತಿದ್ದರು. ಡ್ರೆಡ್ಜ್ ಎಷ್ಟು ಪಾಲು ಹಿಡಿಯುತ್ತದೆ ಎಂಬ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ.

11 ಚದರ ಮೀಟರ್ ಸಾಕಾ?

ನಕ್ಷೆಯ ಮೇಲೆ ಸಮ ಅಂತರದಲ್ಲಿ ಚುಕ್ಕಿ ಇಡುತ್ತಾರೆ. ಇಡೀ ಪ್ರದೇಶದ ಸಮೀಕ್ಷೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ 5.6 ಕಿಲೋಮೀಟರ್. ಬೋಟು ಪ್ರತಿ ಚುಕ್ಕಿಯಲ್ಲೂ ನಿಂತು ಪಿರಮಿಡ್ಡನ್ನು ನಾಲ್ಕು ಸಲ ಇಳಿಸುತ್ತದೆ. ಒಂದು ಸಲ ತಳ ಮುಟ್ಟಿದ ಮೇಲೆ ಸ್ವಲ್ಪ ಎತ್ತಿ, ಬೋಟು ತೇಲಲು ಬಿಟ್ಟು, ಸುಮಾರು 50 ಮೀಟರ್ ಆಚೆ ಮತ್ತೆ ಇಳಿಸುವುದು. ನಾಲ್ಕು ಸಲ ಸೇರಿ ನೋಡಿದ ಜಾಗ ಸುಮಾರು 11 ಚದರ ಮೀಟರ್, ಒಂದು ಚಿಕ್ಕ ಕೋಣೆ. ಆ ಕೋಣೆ ಪ್ರತಿನಿಧಿಸಬೇಕಾದದ್ದು 31 ಚದರ ಕಿಲೋಮೀಟರ್ ಕಡಲನ್ನು!

ಕೇಳಿದ ಕೂಡಲೇ ಇದು ಅನ್ಯಾಯ ಅನ್ನಿಸುತ್ತದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಸಾಕು ಅನ್ನುತ್ತೇವೆ. ಆದರೆ ಪಾತ್ರೆಯ ಅನ್ನ ಎಲ್ಲ ಕಡೆ ಒಂದೇ ಥರ ಬೇಯುತ್ತದೆ, ಸ್ಕಾಲಪ್ ಹಾಗೆ ಹರಡಿಕೊಂಡಿರುವುದಿಲ್ಲ. ಒಂದು ಕಡೆ ಹಾಸಿದಂತೆ ಇರುತ್ತದೆ, ಪಕ್ಕದಲ್ಲಿ ಬರೀ ಮರಳು. ಹಾಗಾಗಿ ಒಂದು ಚುಕ್ಕಿಯ ಅಂಕಿಯನ್ನು ಆ ಚುಕ್ಕಿಯ ಸುತ್ತಲಿನ 31 ಚದರ ಕಿಲೋಮೀಟರ್‌ಗೆ ಅಂಟಿಸಿದರೆ ಮೋಸ ಹೋಗುತ್ತೇವೆ. ನೂರಾರು ಚುಕ್ಕಿಗಳನ್ನು ಒಟ್ಟಿಗೆ ಇಟ್ಟು ಸರಾಸರಿ ತೆಗೆದಾಗ ಮಾತ್ರ ಅರ್ಥ. ಆಗ ಸರಾಸರಿ ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಲೆಕ್ಕ ಹಾಕಿ ಹೇಳಬಹುದು. ಒಂದೇ ಜಾಗದಲ್ಲಿ ಇಪ್ಪತ್ತು ಸಲ ಇಳಿಸುವುದಕ್ಕಿಂತ ಹೆಚ್ಚು ಜಾಗಗಳಲ್ಲಿ ನಾಲ್ಕು ಸಲ ಇಳಿಸುವುದು ಲಾಭ ಎಂಬುದು ಈ ಲೆಕ್ಕದ ತಿರುಳು. ಮುಚ್ಚಿದ ಚಿಕ್ಕ ಜಾಗವನ್ನು ತೆರೆಯಬೇಕಾ ಬೇಡವಾ ಅಂತ ನಿರ್ಧರಿಸುವಾಗ ಚುಕ್ಕಿಗಳನ್ನು ಇನ್ನೂ ಹತ್ತಿರ ಹತ್ತಿರ ಇಡುತ್ತಾರೆ.

ಎಣಿಸುವುದರಲ್ಲೂ ಸಣ್ಣ ಸಣ್ಣ ಮೋಸಗಳಿವೆ. ಚೌಕದ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಸ್ಕಾಲಪ್ಪನ್ನು ಏನು ಮಾಡುವುದು? ಎಲ್ಲವನ್ನೂ ಎಣಿಸಿದರೆ ಸಂಖ್ಯೆ ಉಬ್ಬುತ್ತದೆ. ಇವರು ಎಲ್ಲವನ್ನೂ ಎಣಿಸಿದರು, ಬದಲಿಗೆ ನೋಡಿದ ಜಾಗವನ್ನು ಲೆಕ್ಕದಲ್ಲಿ ಸ್ವಲ್ಪ ದೊಡ್ಡದು ಮಾಡಿಕೊಂಡರು. ಸ್ಕಾಲಪ್‌ನ ಸರಾಸರಿ ಗಾತ್ರ ನೋಡಿ 2.8 ಚದರ ಮೀಟರನ್ನು ಸುಮಾರು 3.2 ಅಂತ ಇಟ್ಟುಕೊಂಡರು. ನನಗೆ ಇಂಥ ಕೆಲಸ ಇಷ್ಟ. ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ ವಿಷಯ, ಆದರೆ ಅದನ್ನು ಬಿಟ್ಟಿದ್ದರೆ ಒಟ್ಟು ಸಂಖ್ಯೆ ಹತ್ತು ಪರ್ಸೆಂಟ್‌ಗೂ ಮೀರಿ ತಪ್ಪುತ್ತಿತ್ತು.

ಇನ್ನೊಂದು ತೊಂದರೆ ಮರಿಗಳದ್ದು. ಹಳೆಯ ಕ್ಯಾಮೆರಾಗಳಲ್ಲಿ ತೀರಾ ಚಿಕ್ಕ ಸ್ಕಾಲಪ್ ಜಲ್ಲಿಯ ನಡುವೆ ಕಳೆದುಹೋಗುತ್ತಿತ್ತು. ಮುಂದೆ ಡಿಜಿಟಲ್ ಸ್ಟಿಲ್ ಕ್ಯಾಮೆರಾ ಸೇರಿದ ಮೇಲೆ ಅದು ಸುಧಾರಿಸಿತು.

ಈ ಎಣಿಕೆ ಹಳೆಯ ಡ್ರೆಡ್ಜ್ ಸಮೀಕ್ಷೆಯನ್ನು ಮನೆಗೆ ಕಳಿಸಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಡ್ರೆಡ್ಜ್ ಮರಳಿನ ಮೇಲೆ ಹತ್ತರಲ್ಲಿ ಸುಮಾರು ನಾಲ್ಕು ಸ್ಕಾಲಪ್ ಮಾತ್ರ ಹಿಡಿಯುತ್ತದೆ, ಜಲ್ಲಿಯ ಮೇಲೆ ಅದಕ್ಕೂ ಕಮ್ಮಿ ಅಂತ ತಿಳಿಯಿತು. ಈ ಪಾಲು ಗೊತ್ತಾದದ್ದರಿಂದ ದಶಕಗಳ ಹಳೆಯ ಡ್ರೆಡ್ಜ್ ಅಂಕಿಗಳಿಗೂ ಹೊಸ ಬೆಲೆ ಬಂತು.

ತೆರೆದದ್ದು, ಮುಚ್ಚಿದ್ದು, ಸತ್ತದ್ದು

2003ರಲ್ಲಿ ಜಾರ್ಜಸ್ ಬ್ಯಾಂಕ್ ಮಾತ್ರವಲ್ಲ, ದಕ್ಷಿಣಕ್ಕಿರುವ ಮಧ್ಯ ಅಟ್ಲಾಂಟಿಕ್ ಕಡಲನ್ನೂ ಸೇರಿಸಿ ವಿಡಿಯೋ ಸಮೀಕ್ಷೆ ಮಾಡಿದರು. ಆ ವರ್ಷ ಡ್ರೆಡ್ಜ್‌ನಲ್ಲೂ ವಿಡಿಯೋದಲ್ಲೂ ಮಧ್ಯ ಅಟ್ಲಾಂಟಿಕ್‌ನಲ್ಲಿ ಮರಿಗಳ ದೊಡ್ಡ ರಾಶಿ ಕಂಡಿತು. ಮರಿಗಳನ್ನು ಹಾಗೇ ಬಿಟ್ಟಿದ್ದರೆ ಬೋಟುಗಳು ಚಿಕ್ಕದನ್ನೇ ಬಾಚಿಬಿಡುತ್ತಿದ್ದವು. 2004ರಲ್ಲಿ ಎಲಿಫೆಂಟ್ ಟ್ರಂಕ್ ಎಂಬ ಆ ಜಾಗವನ್ನು ಮುಚ್ಚಿದರು, 2007ರಲ್ಲಿ ತೆರೆದರು. ಅದೇ 2004ರಲ್ಲಿ ಜಾಗಗಳನ್ನು ಸರದಿಯ ಮೇಲೆ ಮುಚ್ಚಿ ತೆರೆಯುವ ಪದ್ಧತಿಯೇ ನಿಯಮವಾಯಿತು. ಮರಿ ಕಂಡಲ್ಲಿ ಮುಚ್ಚು, ಬೆಳೆದ ಮೇಲೆ ತೆರೆ. ಹೇಳಲು ಸುಲಭ. ಎಲ್ಲಿ ಏನಿದೆ ಅಂತ ಪ್ರತಿ ವರ್ಷ ಗೊತ್ತಿಲ್ಲದಿದ್ದರೆ ಒಂದು ದಿನವೂ ನಡೆಯದ ಪದ್ಧತಿ ಇದು.

2004ರಲ್ಲಿ ಹಿಡಿದ ಮಾಂಸ 6 ಕೋಟಿ ಪೌಂಡ್ ದಾಟಿತು. 1998ರ ಐದು ಪಟ್ಟು. ಹಿಡಿದ ಮೀನಿನ ಬೆಲೆಯಲ್ಲಿ ನ್ಯೂ ಬೆಡ್‌ಫರ್ಡ್ ದೇಶಕ್ಕೇ ಮೊದಲ ಬಂದರಾಗಿ ನಿಂತಿತು, ಅದೂ ಮುಖ್ಯವಾಗಿ ಸ್ಕಾಲಪ್‌ನಿಂದ. ಎಲ್ಲ ಶ್ರೇಯಸ್ಸೂ ಕ್ಯಾಮೆರಾದ್ದಲ್ಲ. ಚೀಲದ ಬಳೆಗಳನ್ನು ದೊಡ್ಡದು ಮಾಡಿದ್ದು, ದಿನಗಳ ಮಿತಿ, ಅದೃಷ್ಟದ ಮರಿ ವರ್ಷಗಳು ಎಲ್ಲವೂ ಸೇರಿವೆ.

ಆದರೆ ಮುಚ್ಚಿಟ್ಟದ್ದೆಲ್ಲ ಉಳಿಯುತ್ತದೆ ಅಂತೇನಿಲ್ಲ. ನ್ಯಾಂಟಕೆಟ್ ಪಕ್ಕದ ಮುಚ್ಚಿದ ಜಾಗದಲ್ಲಿ 2004-05ರ ನಡುವೆ ಸ್ಕಾಲಪ್‌ಗಳು ಸಾಮೂಹಿಕವಾಗಿ ಸತ್ತವು. ಯಾರೂ ಹಿಡಿದಿರಲಿಲ್ಲ. ವಿಡಿಯೋದಲ್ಲಿ ಕಂಡದ್ದು ಕೀಲು ಬಿಡದೆ ಬಾಯ್ದೆರೆದು ಬಿದ್ದಿದ್ದ ಖಾಲಿ ಚಿಪ್ಪಿನ ಜೋಡಿಗಳು. ಈಚೆಗೆ ಸತ್ತದ್ದಕ್ಕೆ ಅದೇ ಗುರುತು. ಮೀನುಗಾರರು ಅವನ್ನು ಕ್ಲ್ಯಾಪರ್ ಅನ್ನುತ್ತಾರೆ. ಮುಪ್ಪು ಮತ್ತು ರೋಗ ಸೇರಿ ಹೀಗಾಗಿದೆ ಅಂತ ಸ್ಟೋಕ್ಸ್‌ಬರಿ ತಂಡ ಬರೆಯಿತು. ಕಾದಿಡುವುದಕ್ಕೂ ಒಂದು ಅವಧಿ ಇದೆ ಅಂತ ಮೀನುಗಾರರು ಹೇಳುತ್ತಿದ್ದ ವಾದಕ್ಕೆ ಇದು ಬಲ ಕೊಟ್ಟಿತು.

ಅದೇ ಚಿತ್ರ, ಬೇರೆ ಪ್ರಶ್ನೆ

ಇಲ್ಲಿಯವರೆಗೆ ಹೇಳಿದ್ದು ಎಣಿಕೆಯ ಕಥೆ. ಸ್ಕಾಲಪ್ ಎಣಿಸಲು ತೆಗೆದ ಚಿತ್ರದಲ್ಲಿ ಸ್ಕಾಲಪ್ ಒಂದೇ ಇರುವುದಿಲ್ಲ. ನಕ್ಷತ್ರ ಮೀನು, ಸ್ಪಂಜು, ಸ್ಯಾಂಡ್ ಡಾಲರ್, ಏಡಿ, ಕಲ್ಲಿಗೆ ಅಂಟಿದ ಪೊದೆಯಂಥ ಜೀವಿಗಳು ಎಲ್ಲ ಇರುತ್ತವೆ. ತಳ ಎಂಥದ್ದು ಅಂತಲೂ ಕಾಣುತ್ತದೆ: ಮರಳಾ, ಜಲ್ಲಿಯಾ, ಗುಂಡುಕಲ್ಲಾ, ಬಂಡೆಯಾ? ಪ್ರತಿ ಚೌಕಕ್ಕೂ ಇದನ್ನೂ ಬರೆದಿಟ್ಟುಕೊಂಡರು. ವರ್ಷಗಳ ಚುಕ್ಕಿಗಳು ಸೇರಿ ಜಾರ್ಜಸ್ ಬ್ಯಾಂಕಿನ ತಳದ ನಕ್ಷೆಯೇ ಆಯಿತು. ಈ ಕಡಲಿನ ಮೀನುಗಾರಿಕೆ ನಿಯಮಗಳನ್ನು ರೂಪಿಸುವ ನ್ಯೂ ಇಂಗ್ಲೆಂಡ್ ಮೀನುಗಾರಿಕೆ ಮಂಡಳಿ ಯಾವ ಬಲೆ ಯಾವ ತಳಕ್ಕೆ ಎಷ್ಟು ಪೆಟ್ಟು ಕೊಡುತ್ತದೆ ಅಂತ ಲೆಕ್ಕ ಹಾಕಲು ಮಾದರಿ ಕಟ್ಟಿದಾಗ ಈ ಮಾಹಿತಿಯನ್ನು ಬಳಸಿಕೊಂಡಿತು.

ಎಣಿಕೆಯ ಜಗಳ ಬಹುಮಟ್ಟಿಗೆ ತಣ್ಣಗಾಯಿತು. ತಳಕ್ಕೆ ಆಗುವ ಪೆಟ್ಟಿನ ಜಗಳ ಮಾತ್ರ ತಣ್ಣಗಾಗಲಿಲ್ಲ.

ಮುಚ್ಚಿದ ಜಾಗಗಳಲ್ಲಿ ಸ್ವಲ್ಪ ಕಾಲ ಡ್ರೆಡ್ಜ್ ಬಿಟ್ಟಾಗ ಮುಂಚೆ, ಆಮೇಲೆ ಎರಡು ಸಲವೂ ವಿಡಿಯೋ ತೆಗೆದರು. ಡ್ರೆಡ್ಜ್ ಎಳೆಯದ ಜಾಗವನ್ನೂ ಹಾಗೇ ತೆಗೆದರು, ಹೋಲಿಸಲು. 2006ರಲ್ಲಿ ಸ್ಟೋಕ್ಸ್‌ಬರಿ ಮತ್ತು ಬ್ರ್ಯಾಡ್ಲಿ ಹ್ಯಾರಿಸ್ ಫಲಿತಾಂಶ ಪ್ರಕಟಿಸಿದರು. ಎಳೆದ ಜಾಗದಲ್ಲಿ ಆದ ಬದಲಾವಣೆ ಎಳೆಯದ ಜಾಗದಲ್ಲಿ ತಾನಾಗಿ ಆದ ಬದಲಾವಣೆಗಿಂತ ದೊಡ್ಡದಾಗಿರಲಿಲ್ಲ. ಜಾರ್ಜಸ್ ಬ್ಯಾಂಕಿನಲ್ಲಿ ಬಿರುಗಾಳಿ ಮತ್ತು ಸೆಳೆತಕ್ಕೆ ಮರಳು ಯಾವಾಗಲೂ ಉರುಳಾಡುತ್ತಿರುತ್ತದೆ. ಅಲ್ಲಿನ ಜೀವಿಗಳಿಗೆ ಅದು ಅಭ್ಯಾಸ.

ಮರಳಿನ ಮಟ್ಟಿಗೆ ನನಗೆ ಇದು ಒಪ್ಪಿಗೆ. ಜಲ್ಲಿಯ ಮಾತು ಬೇರೆ. ಕಲ್ಲಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುವ ಸ್ಪಂಜು, ಪೊದೆ, ಕೊಳವೆ ಹುಳುಗಳ ಮರೆಯಲ್ಲಿ ಕಾಡ್ ಮರಿಗಳು ಅಡಗುತ್ತವೆ. ದಿಬ್ಬದ ಉತ್ತರ ಅಂಚಿನಲ್ಲಿ ಇಂಥ ಜಲ್ಲಿ ಹಾಸು ಇದೆ. ಅಲ್ಲಿ ಎಳೆದ ಜಾಗ, ಎಳೆಯದ ಜಾಗಗಳನ್ನು ಬೇರೆ ಸಂಶೋಧಕರು ಫೋಟೋ, ವಿಡಿಯೋಗಳಲ್ಲಿ ಹೋಲಿಸಿದಾಗ ವ್ಯತ್ಯಾಸ ಎದ್ದು ಕಂಡಿತ್ತು, ಚೇತರಿಕೆಗೆ ವರ್ಷಗಳೇ ಬೇಕಾಗಿದ್ದವು. ಅಂದರೆ ಎರಡು ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ. ಬೇರೆ ಬೇರೆ ತಳ ನೋಡಿ ಮಾತಾಡುತ್ತಿದ್ದರು. ಸ್ಕಾಲಪ್ ಇದೆಯಾ ಇಲ್ಲವಾ ಎಂಬುದು ಒಂದು ಚಿತ್ರದಲ್ಲಿ ತೀರ್ಮಾನವಾಗುತ್ತದೆ. ಈ ಜಾಗ ಕೆಟ್ಟಿದೆಯಾ ಎಂಬುದಕ್ಕೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು. ನೂರು ವರ್ಷ ಬಲೆ ಎಳೆದ ಕಡಲಿನ ಮೊದಲ ಚಿತ್ರ ಯಾರ ಹತ್ತಿರ ಇದೆ?

ಕ್ಯಾಮೆರಾ ಇಲ್ಲದಿದ್ದರೆ ತಡವಾಗಿ ಗೊತ್ತಾಗುತ್ತಿದ್ದ ವಿಷಯವೂ ಒಂದಿದೆ. 2002ರಲ್ಲಿ ಜಾರ್ಜಸ್ ಬ್ಯಾಂಕಿನ ಜಲ್ಲಿಯ ಮೇಲೆ ಡೈಡೆಮ್ನಮ್ ಎಂಬ ಪರದೇಶಿ ಜೀವಿ ಕಾಣಿಸಿತು. ಲೋಳೆಯಂಥ ಹಳದಿ ಚಾಪೆಯಾಗಿ ಹರಡುತ್ತದೆ, ಕಲ್ಲನ್ನೂ ಸ್ಕಾಲಪ್ಪನ್ನೂ ಬಿಡದೆ ಹೊದಿಸುತ್ತದೆ. ಚೂರಾದರೆ ಚೂರು ಚೂರೂ ಬೆಳೆಯುತ್ತದೆ. ಬಲೆ ತಾಗಿದರೆ ಅದಕ್ಕೆ ಅನುಕೂಲವೇ. ಇದನ್ನು ಡ್ರೆಡ್ಜ್‌ನಲ್ಲಿ ಎಳೆದು ತಂದರೆ ಚಾಪೆ ಎಷ್ಟು ದೂರ ಹಾಸಿದೆ ಅಂತ ಹೇಗೆ ಗೊತ್ತಾಗಬೇಕು?

ದಿನಕ್ಕೆ ಐದು ಲಕ್ಷ ಚಿತ್ರ

ಪಿರಮಿಡ್ ಜೊತೆಗೆ ಇನ್ನೊಂದು ಸಾಧನವೂ ಬಂತು. ವುಡ್ಸ್ ಹೋಲ್ ಸಮುದ್ರ ವಿಜ್ಞಾನ ಸಂಸ್ಥೆಯ ಎಂಜಿನಿಯರುಗಳು ಮತ್ತು ಸ್ಕಾಲಪ್ ಮೀನುಗಾರರು ಸೇರಿ ಕಟ್ಟಿದ ಹ್ಯಾಬ್‌ಕ್ಯಾಮ್. ಇದು ತಳದಲ್ಲಿ ಕೂರುವುದಿಲ್ಲ. ಬೋಟಿನ ಹಿಂದೆ ತಳದಿಂದ ಸುಮಾರು 2 ಮೀಟರ್ ಮೇಲೆ ತೇಲುತ್ತ ಬರುತ್ತದೆ, ಸೆಕೆಂಡಿಗೆ ಆರು ಚಿತ್ರದಂತೆ ತೆಗೆಯುತ್ತ. ನಿಲ್ಲಿಸದೆ ಎಳೆದರೆ ದಿನಕ್ಕೆ 5 ಲಕ್ಷ ಚಿತ್ರ. ಬೋಟು ಹೋದ ದಾರಿಯುದ್ದಕ್ಕೂ ಮರಳು ಎಲ್ಲಿ ಮುಗಿದು ಜಲ್ಲಿ ಎಲ್ಲಿ ಶುರುವಾಯಿತು ಅಂತ ಕಾಣುತ್ತದೆ. ಆದರೆ ದಾರಿ ಮತ್ತು ದಾರಿಯ ನಡುವೆ ಏನಿದೆ ಎಂಬುದು ಇಲ್ಲೂ ಊಹೆಯೇ.

ಚಿತ್ರ ತೆಗೆಯುವುದು ಸಲೀಸು, ನೋಡುವವರು ಯಾರು? ಮನುಷ್ಯರು ಕೂತು ಗುರುತು ಹಾಕಬೇಕು. ಎಲ್ಲವನ್ನೂ ನೋಡಲು ಆಗದ ಮಾತು. ಹಾಗಾಗಿ ಇಂತಿಷ್ಟಕ್ಕೆ ಒಂದು ಅಂತ ಆರಿಸಿ ನೋಡುತ್ತಾರೆ. ಈಗ ಕಂಪ್ಯೂಟರ್‌ಗೆ ಸ್ಕಾಲಪ್ ಗುರುತಿಸಲು ಕಲಿಸಿದ್ದಾರೆ. ಜೀವಂತ ಸ್ಕಾಲಪ್ ಯಾವುದು, ಖಾಲಿ ಚಿಪ್ಪು ಯಾವುದು ಎಂಬ ಕಡೆ ಮನುಷ್ಯನ ಕಣ್ಣು ಇನ್ನೂ ಬೇಕು.

ಉತ್ತರ ಅಂಚು

2018ರಲ್ಲಿ ಅಮೆರಿಕ ಸರ್ಕಾರ ಮುಚ್ಚಿದ ಜಾಗಗಳ ಗೆರೆಗಳನ್ನು ಹೊಸದಾಗಿ ಎಳೆಯಿತು. ಕೆಲವು ಭಾಗ ತೆರೆದುಕೊಂಡವು, ಬೋಟುಗಳಿಗೆ ಒಳ್ಳೆಯ ಹಿಡಿಯೂ ಸಿಕ್ಕಿತು. ಉತ್ತರ ಅಂಚನ್ನು ತೆರೆಯುವ ಪ್ರಸ್ತಾಪವನ್ನು ಮಾತ್ರ ಒಪ್ಪಲಿಲ್ಲ. ಮೀನುಗಾರರ ವಾದ ನೇರವಾಗಿತ್ತು: ಅಲ್ಲಿ ದೊಡ್ಡ ಸ್ಕಾಲಪ್ ಇದೆ, ಬಿಟ್ಟರೆ ಮುಪ್ಪಾಗಿ ಸಾಯುತ್ತದೆ. ಎದುರು ವಾದವೂ ನೇರ: ಕಾಡ್ ಮರಿಗಳಿಗೆ ಆ ಜಲ್ಲಿ ಬೇಕು. ಎರಡೂ ಕಡೆಯವರು ಕ್ಯಾಮೆರಾದಲ್ಲಿ ಕಂಡದ್ದನ್ನೇ ಮುಂದಿಟ್ಟರು. ಮಂಡಳಿ ಮತ್ತೆ ಕೆಲವು ವರ್ಷ ಈ ವಿಷಯದ ಮೇಲೆ ಕೆಲಸ ಮಾಡಿ, 2024ರ ಏಪ್ರಿಲ್‌ನಲ್ಲಿ ಮುಂದುವರಿಸುವುದು ಬೇಡ ಅಂತ ಮತ ಹಾಕಿ ಕೈಬಿಟ್ಟಿತು. ಮಂಡಳಿಯ ಮುಂದಿದ್ದದ್ದು ಎಷ್ಟು ಸ್ಕಾಲಪ್ ಇದೆ ಎಂಬ ಪ್ರಶ್ನೆ ಆಗಿರಲಿಲ್ಲ. ಆ ಸ್ಕಾಲಪ್‌ಗಾಗಿ ಎಷ್ಟು ಜಲ್ಲಿಯನ್ನು ಬಿಟ್ಟುಕೊಡಬಹುದು ಎಂಬುದಾಗಿತ್ತು. ಅದನ್ನು ಯಾವ ಚೌಕಟ್ಟು ಇಳಿಸಿಯೂ ಎಣಿಸಲಾಗುವುದಿಲ್ಲ, ಮತ ಹಾಕಿಯೇ ತೀರ್ಮಾನಿಸಬೇಕು. ನನಗೆ ಆ ತೀರ್ಮಾನ ಸರಿ ಅನ್ನಿಸುತ್ತದೆ. ನ್ಯೂ ಬೆಡ್‌ಫರ್ಡ್‌ನಲ್ಲಿ ಕೇಳಿದರೆ ಬೇರೆ ಉತ್ತರ ಸಿಗುತ್ತದೆ.